ಕೊನೆಯ ಸಾಲು

ಗೆರೆ ಇಲ್ಲ.

ಒತ್ತಿದ್ದು ಹೆಚ್ಚಾಯಿತೇನೋ ಎಂದು ಕೈ ಸಡಿಲಿಸಿದ. ಜೆಲ್ ಸವರಿದ ಹೊಟ್ಟೆಯ ಮೇಲೆ ಸ್ಕ್ಯಾನಿನ ಪ್ರೋಬು ಒಂದು ಬೆರಳಿನಷ್ಟು ಜಾರಿ ನಿಂತಿತು. ಪರದೆಯ ಮೇಲಿನ ಬೂದು ಬಣ್ಣ ಹೊಯ್ದಾಡಿ ಸುಮ್ಮನಾಯಿತು. ಈಗಲೂ ಇಲ್ಲ.

ಬೆಳಗಿನಿಂದ ಇದು ಹದಿನೇಳನೆಯ ಹೊಟ್ಟೆ. ಕಣ್ಣು ಸೋತಿದೆ ಎಂದುಕೊಂಡ. ಸೋತ ಕಣ್ಣಿನ ತಲೆಗೆ ಏನನ್ನು ಬೇಕಾದರೂ ಕಟ್ಟಬಹುದು.

“ಉಸಿರು ಹಿಡೀರಿ.”

ಹಿಡಿದಳು.

“ಬಿಡಿ.”

ಬಿಟ್ಟಳು. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಹೆಂಗಸು. ಅಂಥವರನ್ನು ಕಂಡರೆ ಅವನಿಗೆ ಸುಸ್ತಾಗುತ್ತಿತ್ತು. ಜಗಳ ಆಡುವವರ ಮುಂದೆ ಮನುಷ್ಯ ಎಚ್ಚರವಾಗಿರುತ್ತಾನೆ; ನಂಬಿ ಮಲಗಿದವರ ಮುಂದೆ ಆಕಳಿಕೆ ಬರುತ್ತದೆ.

ಹುಡುಕುತ್ತಿದ್ದದ್ದು ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯೊಂದನ್ನು. ಪುಸ್ತಕದವರು ಜರಾಯು ಎನ್ನುವ, ಹೆತ್ತವರು ಮಾಸು ಎನ್ನುವ ಆ ಮಾಂಸದ ತಟ್ಟೆಗೂ ಗರ್ಭಕೋಶದ ಗೋಡೆಗೂ ನಡುವೆ ಇರಬೇಕಾದ ಗೆರೆ. ಅದಿದ್ದರೆ ಮಗು ಹೊರಬಿದ್ದ ಮೇಲೆ ಮಾಸು ತಾನಾಗಿ ಕಳಚಿಕೊಳ್ಳುತ್ತದೆ. ಅದಿಲ್ಲದಿದ್ದರೆ ಮಾಸು ಗೋಡೆಯೊಳಕ್ಕೇ ಇಳಿದು ಅಂಟಿಕೊಂಡಿದೆ ಎಂದು ಅರ್ಥ.

ಮಲಗಿದ್ದವಳು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವಳು. ಚೀಟಿಯಲ್ಲಿ ಹಾಗೆಂದು ಬರೆದಿತ್ತು. ಮೂವತ್ತೊಂದು ವರ್ಷ. ಮೊದಲಿನ ಇಬ್ಬರೂ ಹೊಟ್ಟೆ ಕೊಯ್ದೇ ಹುಟ್ಟಿದ ಮಕ್ಕಳು. ಈ ಸಲ ಮಾಸು ಕೆಳಗೆ ಇಳಿದು ಆ ಹಳೆಯ ಹೊಲಿಗೆಯ ಕಲೆಯ ಮೇಲೇ ಕೂತಿತ್ತು. ಆಸ್ಪತ್ರೆಯ ಒಡತಿ, ಎಲ್ಲರ ಬಾಯಲ್ಲೂ ಬರೀ ಮೇಡಂ, ತಮ್ಮ ಓಟದ ಅಕ್ಷರದಲ್ಲಿ ಚೀಟಿಯ ಕೆಳಗೆ ಗೀಚಿದ್ದರು: ಅಂಟಿದೆಯೋ ಇಲ್ಲವೋ? ನಾಳೆ ಬೆಳಿಗ್ಗೆ ಎಂಟಕ್ಕೆ ಆಪರೇಷನ್.

ಅಂಟಿದೆ ಎಂದು ಮೊದಲೇ ಗೊತ್ತಾದರೆ ದಾರಿ ಇದೆ. ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ರಕ್ತದ ಚೀಲಗಳು ಸಾಲಾಗಿ ಕಾದಿರುತ್ತವೆ. ಮಗುವನ್ನು ತೆಗೆದು, ಮಾಸನ್ನು ಮುಟ್ಟದೆ, ಗರ್ಭಕೋಶದ ಸಮೇತ ಈಚೆ ತರುತ್ತಾರೆ. ಹೆಂಗಸು ಉಳಿಯುತ್ತಾಳೆ. ಗೊತ್ತಿಲ್ಲದೆ, ಈ ಮೂವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಕೈ ಹಾಕಿ ಕಿತ್ತರೆ ನಲ್ಲಿ ಬಿಟ್ಟ ಹಾಗೆ ರಕ್ತ. ಇದೆಲ್ಲ ಅವನಿಗೆ ಬಾಯಿಪಾಠ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಪೂರಾ ಅಂಕ ಬಂದಿತ್ತು.

ಪ್ರೋಬನ್ನು ಕೆಳಗೆ ತಂದ. ಮೂತ್ರಚೀಲ ಮುದುಡಿಕೊಂಡು ಬಿದ್ದಿತ್ತು.

“ನೀರು ಕುಡಿದು ಬನ್ನಿ ಅಂತ ಹೇಳಿರಲಿಲ್ವಾ?”

“ಕುಡ್ದಿದ್ದೆ ಡಾಕ್ಟ್ರೇ. ಒಂಬತ್ತಕ್ಕೇ ಬಂದು ಕೂತಿದ್ದೆ. ಹನ್ನೆರಡಾದ್ರೂ ನಂಬರು ಬರ್ಲಿಲ್ಲ. ತಡೆಯಕ್ಕಾಗ್ಲಿಲ್ಲ. ಆಯಮ್ಮನೇ ಹೋಗ್ಬಾ ಅಂದ್ರು.”

ಆಯಮ್ಮ ಎಂದರೆ ಬಾಗಿಲಲ್ಲಿ ನಿಂತು ನಂಬರು ಕೂಗುವವಳು. ಅವಳ ಗಂಟಲನ್ನು ನೋಡಿ ಇಡೀ ಆಸ್ಪತ್ರೆ ಗಂಟೆಯಮ್ಮ ಎಂದು ಹೆಸರಿಟ್ಟಿತ್ತು. ತುಂಬಿದ ಮೂತ್ರಚೀಲ ಈ ಕೆಲಸಕ್ಕೆ ಕಿಟಕಿ ಇದ್ದ ಹಾಗೆ. ಅದರ ಮೂಲಕ ನೋಡಿದರೆ ಆಚೆಯ ಗೋಡೆ ಚೊಕ್ಕವಾಗಿ ಕಾಣುತ್ತದೆ. ಖಾಲಿಯಾಗಿದ್ದರೆ ಬಾಗಿಲು ಹಾಕಿದ ಮನೆಯನ್ನು ಬೀದಿಯಲ್ಲಿ ನಿಂತು ನೋಡಿದ ಹಾಗೆ. ಇದು ಗಂಟೆಯಮ್ಮನಿಗೂ ಗೊತ್ತು. ಆದರೆ ಅವಳು ತಡೆಯಲಾರದ ಹೆಂಗಸರ ಮುಖ ನೋಡುವವಳು, ಅವನು ನೋಡುವುದು ಪರದೆಯನ್ನು.

ಗೆರೆ ಕಾಣದ್ದಕ್ಕೆ ಹೀಗೆ ಮೂರು ಕಾರಣ ಸಿಕ್ಕವು: ಸೋತ ಕಣ್ಣು, ಒತ್ತಿದ ಕೈ, ಖಾಲಿ ಚೀಲ. ನಾಲ್ಕನೆಯದನ್ನು ಅವನು ಮನಸ್ಸಿಗೆ ತಂದುಕೊಳ್ಳಲಿಲ್ಲ. ಓದಿದವರಿಗೆ ಇದೊಂದು ಅನುಕೂಲ. ಕಾರಣಗಳಿಗೆ ಬರಗಾಲವಿಲ್ಲ.

“ಒಂದು ಲೀಟರ್ ನೀರು ಕುಡೀರಿ. ಊಟ ಆದ್ಮೇಲೆ ಇನ್ನೊಂದ್ಸಲ ನೋಡ್ತೀನಿ.”

ಅವಳು ಹೊಟ್ಟೆ ಒರೆಸಿಕೊಂಡು ಕೈಯೂರಿ ಎದ್ದಳು. ಬಲಗೈ ಎಡಗೈಗಿಂತ ದಪ್ಪ. ಮುಂಗೈಯಲ್ಲಿ ಹಳೆಯ ಸುಟ್ಟ ಕಲೆಗಳು, ಬಿಳಿಯವು, ಅಡ್ಡಡ್ಡ. ಏನಾದರೂ ಕೇಳುತ್ತಾಳೆ ಎಂದು ಅವನು ಮೊದಲೇ ಮುಖ ಬಿಗಿ ಮಾಡಿಕೊಂಡ. ಅವಳು ಕೇಳಿದ್ದೇ ಬೇರೆ. ಮಗುವಿನದೊಂದು ಫೋಟೋ ಕೊಡುತ್ತೀರಾ ಎಂದಳು. ಮೊದಲನೆಯವನ ಸಲ ಕೊಟ್ಟಿದ್ದರಂತೆ, ಹೀಗೇ ನುಣುಪಾದ ಕಾಗದದ್ದು. ಮುದುರಿತು ಎಂದು ಅದನ್ನು ಬಟ್ಟೆಯ ಅಡಿಗಿಟ್ಟು ಇಸ್ತ್ರಿ ಒತ್ತಿದಳಂತೆ. ತೆಗೆದು ನೋಡಿದರೆ ಇದ್ದಿಲು. ಮಗು ಇಲ್ಲ, ಏನಿಲ್ಲ. ಮೂರು ದಿನ ಅತ್ತಳಂತೆ. ಹುಟ್ಟಿದ ಮೇಲೆ ಅವನ ಬಣ್ಣ ನೋಡಿ ನಾದಿನಿ, ಫೋಟೋ ಸರಿಯಾಗೇ ಬಂದಿತ್ತಲ್ಲ ಅತ್ತಿಗೆ ಎಂದಳಂತೆ.

ಹೇಳಿ ಅವಳೇ ನಕ್ಕಳು. ಅವನು ನಗುವಷ್ಟು ಬಾಯಿ ಬಿಟ್ಟ. “ಆ ಕಾಗದ ಬಿಸಿಗೆ ಕಪ್ಪಾಗತ್ತೆ,” ಎಂದ. ಅವಳಿಗೆ ಗೊತ್ತಿದ್ದದ್ದನ್ನೇ ಅವಳಿಗೆ ತಿಳಿಸಿಕೊಟ್ಟ.

ಬಾಗಿಲಾಚೆ ಗಂಟೆಯಮ್ಮ ಹದಿನೆಂಟು ಎಂದು ಕೂಗಿದಳು.

ಹೋದ ತಿಂಗಳು ಇಂಥದೇ ಒಂದು ಹೊಟ್ಟೆ ಬಂದಿತ್ತು. ಅಂದು ಅವನು ಜಾರಿಕೊಳ್ಳಲಿಲ್ಲ. ಅಂಟಿರುವ ಬಲವಾದ ಸಂಶಯ ಎಂದು ಬರೆದ, ಕೊನೆಯ ಸಾಲಿನಲ್ಲೇ ಬರೆದ. ಮೇಡಂ ಆ ಹೆಂಗಸನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಹೊಟ್ಟೆ ತೆರೆದರೆ ಮಾಸು ಹಣ್ಣು ಕಳಚಿಕೊಂಡ ಹಾಗೆ ತಾನಾಗಿ ಬಂತಂತೆ. ಹೆಂಗಸು ನಾಲ್ಕನೆಯ ದಿನ ಮಗುವನ್ನೆತ್ತಿಕೊಂಡು ನಡೆದು ಮನೆಗೆ ಹೋದಳು. ಸಂತೋಷಪಡುವ ಸುದ್ದಿ. ಯಾರೂ ಪಡಲಿಲ್ಲ. ಅಲ್ಲಿನ ತಜ್ಞರು ಮೇಡಂಗೆ ಫೋನು ಮಾಡಿ ನಿಮ್ಮ ಸ್ಕ್ಯಾನಿನವರಿಗೆ ಕನ್ನಡಕ ಕೊಡಿಸಿ ಎಂದರಂತೆ. ಮೇಡಂ ಆ ಮಾತನ್ನು ಕ್ಯಾಂಟೀನಿನಲ್ಲಿ, ಎಲ್ಲರ ಮುಂದೆ, ನಗುನಗುತ್ತಲೇ ಹೇಳಿದರು. “ನಿಮ್ಮ ಕಣ್ಣಿಗೆ ಎಲ್ಲಾ ಅಂಟ್ಕೊಂಡೇ ಕಾಣತ್ತಾ ಡಾಕ್ಟ್ರೇ?”

ಆವತ್ತಿನಿಂದ ಅವನು ಅಂಟು ಡಾಕ್ಟರು. ಎದುರಿಗೆ ಯಾರೂ ಅನ್ನುವುದಿಲ್ಲ. ಆದರೆ ಲ್ಯಾಬಿನವನು ಲಕೋಟೆ ಮುಚ್ಚಲು ಗೋಂದು ಹುಡುಕುವಾಗ ಅವನ ಕೋಣೆಯ ಕಡೆ ನೋಡಿ ಕೆಮ್ಮುತ್ತಾನೆ.

ಊಟದ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಅವನು ಹಿಂಬದಿಯ ಮೆಟ್ಟಿಲಿನ ಮೇಲೆ ಕೂತ. ಕ್ಯಾಂಟೀನಿಗೆ ಹೋಗುವುದನ್ನು ಬಿಟ್ಟು ಒಂದು ತಿಂಗಳಾಗಿತ್ತು. ಎರಡು ತುತ್ತು ತಿನ್ನುವಷ್ಟರಲ್ಲಿ ಹೆಂಡತಿಯ ಫೋನು ಬಂತು.

“ನಾಲ್ಕಕ್ಕೆ ಗಾಡಿ ಬರತ್ತೆ.”

“ಸರಿ.”

“ನೀನು ಬರ್ಲೇಬೇಕು ಅಂತಿಲ್ಲ. ಕೀಲಿಕೈ ಕೆಳಗಿನ ಮನೆಯವ್ರಿಗೆ ಕೊಟ್ಟು ಹೋಗ್ತೀನಿ.”

“ಬರ್ತೀನಿ ಅಂದಿದ್ನಲ್ಲ.”

“ಅಂದಿದ್ದೆ.”

ಅವಳ ಹಿಂದೆ ಯಾರೋ ಮಂಚ ಬಿಚ್ಚುತ್ತಿರುವ ಸದ್ದು ಕೇಳಿಸಿತು. ಸುತ್ತಿಗೆ ಒಂದೇ ಲಯದಲ್ಲಿ ಬೀಳುತ್ತಿತ್ತು.

“ಇಸ್ತ್ರಿಪೆಟ್ಟಿಗೆ ಯಾರ್ದು?” ಎಂದಳು.

“ಅಂದ್ರೆ?”

“ನಾನು ತಂದಿದ್ದೋ, ನೀನೋ? ನೆನಪಾಗ್ತಿಲ್ಲ.”

“ನೀನೇ ತಗೊಂಡ್ಹೋಗು.”

“ಬೇಡ. ಬಿಟ್ಟು ಹೋಗ್ತೀನಿ.”

ಒಂಬತ್ತು ವರ್ಷದ ಸಂಸಾರ. ಜಗಳ ಆಡಿದ್ದು ಕೈಬೆರಳಿನಲ್ಲಿ ಎಣಿಸುವಷ್ಟು. ಮಕ್ಕಳ ಮಾತನ್ನು ಮುಂದಿನ ವರ್ಷ, ಮುಂದಿನ ವರ್ಷ ಎಂದು ತಳ್ಳುತ್ತ ಹೋಗಿ ಒಂದು ದಿನ ಆ ಮಾತೇ ಮನೆಯಿಂದ ಎದ್ದು ಹೋಗಿತ್ತು. ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು. ಕಾಲೇಜಿನ ಹತ್ತಿರವೇ ಒಂದು ಮನೆ ನೋಡಿದ್ದೇನೆ ಎಂದು ಎರಡು ವಾರದ ಹಿಂದೆ ಕಾಫಿ ಕುಡಿಯುತ್ತ ಹೇಳಿದಳು. ದೊಡ್ಡದಾ ಎಂದು ಇವನು ಕೇಳಿದ. ಒಬ್ಬಳಿಗೆ ಸಾಕು ಎಂದಳು. ಅಷ್ಟೇ. ಒಂದು ಹನಿ ರಕ್ತ ಬೀಳಲಿಲ್ಲ.

ಹೋಲಿಕೆ ಥಟ್ಟನೆ ಹೊಳೆಯಿತು. ಹೊಳೆದದ್ದಕ್ಕೆ ಅಸಹ್ಯವಾಯಿತು. ಲಾಂಡ್ರಿಯವಳ ಹೊಟ್ಟೆಯೊಳಗಿನ ಸಾವು ಬದುಕನ್ನೂ ತನ್ನ ಮನೆಯ ಸಾಮಾನು ಸಾಗಿಸುವುದಕ್ಕೆ ಉಪಮೆ ಮಾಡಿಕೊಳ್ಳುವ ತಲೆ ತನ್ನದು. ಅಸಹ್ಯಪಟ್ಟುಕೊಂಡದ್ದಕ್ಕೆ ಸ್ವಲ್ಪ ಹೆಮ್ಮೆಯೂ ಆಯಿತು. ಡಬ್ಬಿ ಮುಚ್ಚಿದ.

ಒಳಗೆ ಹೋಗುವಾಗ ಮೇಡಂ ಎದುರಾದರು. ಕೈಯಲ್ಲಿ ಫೋನು, ಬಾಯಲ್ಲಿ ಪೆನ್ನಿನ ಮುಚ್ಚಳ. ನಿಲ್ಲದೆಯೇ ಮಾತಾಡುವುದು ಅವರ ಪದ್ಧತಿ.

“ಆ ಇಸ್ತ್ರಿಯವಳದ್ದು ಏನಾಯ್ತು?”

“ಚೀಲ ಖಾಲಿ ಇತ್ತು. ಇನ್ನೊಂದ್ಸಲ ನೋಡ್ತೀನಿ.”

“ನೋಡಿ. ಆದ್ರೆ ಒಂದು ಹೇಳಿ, ಅದೂ ಇದೂ ಅನ್ಬೇಡಿ. ಹೋದ ಸಲದ ತರ ಊರೆಲ್ಲಾ ಸುತ್ತಿಸ್ಬೇಡಿ.”

ಅಷ್ಟರಲ್ಲಿ ಅವರು ತಿರುವಿನಾಚೆ ಇದ್ದರು. ಮೇಡಂ ಕೆಟ್ಟವರಲ್ಲ. ದಿನಕ್ಕೆ ಆರು ಆಪರೇಷನ್, ಎಂಬತ್ತು ರೋಗಿಗಳು. ಅವರು ಯಾವ ರಿಪೋರ್ಟನ್ನೂ ಪೂರ್ತಿ ಓದುವುದಿಲ್ಲ. ಎರಡನೆಯ ಹಾಳೆ ತಿರುವಿ ಕೊನೆಯ ಸಾಲನ್ನು ಓದುತ್ತಾರೆ, ಮೂಲೆಯಲ್ಲಿ ಸಹಿ ಹಾಕುತ್ತಾರೆ. ಇದು ಎಲ್ಲರಿಗೂ ಗೊತ್ತು. ಕೊನೆಯ ಸಾಲಿನಲ್ಲಿ ಇಲ್ಲದ್ದು ಈ ಆಸ್ಪತ್ರೆಯಲ್ಲಿ ಯಾರ ಮೈಯಲ್ಲೂ ಇರುವುದಿಲ್ಲ ಎಂದು ಲ್ಯಾಬಿನವನು ತಮಾಷೆ ಮಾಡುತ್ತಿದ್ದ.

ಎರಡೂವರೆಗೆ ಅವಳು ಬಂದಳು. ಹೆಜ್ಜೆ ಸಣ್ಣದಾಗಿತ್ತು. ಜೊತೆಗೆ ನಾದಿನಿ, ಕೈಯಲ್ಲಿ ಖಾಲಿ ಬಾಟಲಿ ಹಿಡಿದವಳು, ಬಾಯಿ ಸುಮ್ಮನಿರದವಳು.

“ಎರಡು ಬಾಟ್ಲಿ ಕುಡ್ಸಿದೀನಿ ಡಾಕ್ಟ್ರೇ. ಇನ್ನೂ ಕುಡ್ಸಿದ್ರೆ ಮಗು ಈಜ್ಕೊಂಡೇ ಬರತ್ತೆ.”

“ಸುಮ್ನಿರೇ, ನಗಿಸ್ಬೇಡ,” ಎಂದು ಇಸ್ತ್ರಿಯವಳು ಹಲ್ಲು ಕಚ್ಚಿ ಮಲಗಿದಳು. “ನಕ್ರೆ ಇಲ್ಲೇ ಆಗೋಗತ್ತೆ.”

ನಾದಿನಿಯನ್ನು ಗಂಟೆಯಮ್ಮ ಹೊರಗೆ ಕರೆದಳು. ದೀಪ ಆರಿತು. ಪರದೆಯ ಬೂದು ಬೆಳಕು ಹೊಟ್ಟೆಯ ಮೇಲೂ ಅವನ ಕೈಯ ಮೇಲೂ ಬಿತ್ತು.

ಈ ಸಲ ಹಗುರಾಗಿ ಇಟ್ಟ. ಪ್ರೋಬಿನ ಕೆಳಗೆ ಇರುವೆ ಇದ್ದರೂ ಸಾಯದಷ್ಟು ಹಗುರಾಗಿ. ಮೂತ್ರಚೀಲ ಕಪ್ಪು ಕೊಳದ ಹಾಗೆ ತುಂಬಿ ನಿಂತಿತ್ತು. ಕಿಟಕಿ ತೆರೆದಿತ್ತು. ಕಣ್ಣೂ ಊಟದ ಮೇಲೆ ಸೋತಿರಲಿಲ್ಲ. ಮೂರೂ ಕಾರಣಗಳು ಒಂದೊಂದಾಗಿ ಎದ್ದು ಹೋದವು.

ಗೆರೆ ಇರಲಿಲ್ಲ. ಎಡಗಡೆ ಒಂದಿಷ್ಟು ದೂರ ಬಂದು, ಕಲೆಯ ಹತ್ತಿರ ಬಂದದ್ದೇ, ಮುಗಿದುಹೋಗಿತ್ತು. ಮಾಸಿನ ತುಂಬ ನುಸಿ ತಿಂದ ಉಣ್ಣೆಬಟ್ಟೆಯ ಹಾಗೆ ತೂತುಗಳು, ಅಂಕುಡೊಂಕು. ಅದರಾಚೆಗೆ ಮೂತ್ರಚೀಲದ ಗೋಡೆ ಬಿಳಿಯ ಗೆರೆಯಾಗಿ, ಈ ತುದಿಯಿಂದ ಆ ತುದಿಗೆ ಕಡಿಯದೆ ಓಡಬೇಕಿತ್ತು. ಅದೂ ನಡುವಿನಲ್ಲಿ ಎರಡು ಬೆರಳಿನಷ್ಟು ಅಳಿಸಿತ್ತು. ರಕ್ತದ ಓಟ ತೋರಿಸುವ ಗುಂಡಿ ಒತ್ತಿದ. ಬೂದಿಯ ನಡುವೆ ಕೆಂಪು ನೀಲಿ ಒಮ್ಮೆಲೇ ಹೊತ್ತಿಕೊಂಡು, ಇರಬಾರದ ಕಡೆಯೆಲ್ಲ, ಗಡಿ ದಾಟಿ ಆಚೆಗೆ ಹರಿಯುತ್ತಿದ್ದವು.

ಎದೆ ಧಸಕ್ಕೆನ್ನಲಿಲ್ಲ. ಅದೇ ಅವನಿಗೆ ವಿಚಿತ್ರವೆನಿಸಿತು. ಚಿತ್ರ ಚೆನ್ನಾಗಿ ಬಂದಿದೆ ಎಂದಷ್ಟೇ ಅನಿಸಿತು.

ಹೋದ ತಿಂಗಳಿನದೂ ಚೆನ್ನಾಗೇ ಬಂದಿತ್ತು ಎಂಬುದು ಮರುಕ್ಷಣ ನೆನಪಾಯಿತು. ಆವತ್ತೂ ತೂತುಗಳಿದ್ದವು. ಬಿಳಿಯ ಗೆರೆ ಕಡಿದಿತ್ತೇ? ನೆನಪಿಲ್ಲ. ಕಡಿದಿತ್ತು ಎಂದೇ ಇಟ್ಟುಕೊಂಡ.

ಚಿತ್ರವನ್ನು ನಿಲ್ಲಿಸಿ ಪ್ರಿಂಟು ಒತ್ತಿದ. ಯಂತ್ರದ ಸೀಳಿನಿಂದ ಅಂಗೈಯಗಲದ ಕಾಗದ ಬೆಚ್ಚಗೆ ಹೊರಬಂತು.

“ಏನಾದ್ರೂ ಇದೆಯಾ ಡಾಕ್ಟ್ರೇ?”

ಕತ್ತಲಲ್ಲಿ ಅವಳ ದನಿ ಬೇರೆಯಾಗಿತ್ತು. ನಗು ಇರಲಿಲ್ಲ.

“ನೋಡ್ಬೇಕು.”

“ನೋಡಿದ್ರಲ್ಲ.”

“ಮೇಡಂ ಹೇಳ್ತಾರೆ.”

“ಮೇಡಂ ನಿಮ್ಮನ್ನ ಕೇಳು ಅಂದ್ರು.”

ಅವನು ಟಿಶ್ಯೂ ಕಾಗದ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಮಲಗಿಕೊಂಡೇ ಹೇಳಿದಳು: ಓಣಿಯಲ್ಲಿ ಹಿಂದೊಬ್ಬಳು ಹೀಗೇ ಮಾಸು ಬೀಳದೆ ಹೋಗಿಬಿಟ್ಟಳು. ಇವಳು ಆಗ ಚಿಕ್ಕವಳು. ತೊಳೆದ ನೀರು ಬಚ್ಚಲಲ್ಲಿ ಎರಡು ದಿನ ಕೆಂಪಗೆ ಹೋಗುತ್ತಿತ್ತು. ಸಾಯುವುದಕ್ಕೆ ಹೆದರಿಕೆ ಅಂತಲ್ಲ, ದೊಡ್ಡವನಿಗೆ ಆರು, ಚಿಕ್ಕವಳಿಗೆ ಮೂರು, ಅವರಪ್ಪನಿಗೆ ಜಡೆ ಹಾಕಲು ಬರುವುದಿಲ್ಲ. ಇಷ್ಟನ್ನು ಅವಳು ಬಟ್ಟೆ ಮಡಚಿಟ್ಟ ಹಾಗೆ ಒಂದರ ಮೇಲೊಂದು ಇಟ್ಟಳು.

ಇದು ಹೇಳುವ ಗಳಿಗೆಯಾಗಿತ್ತು. ಅವನಿಗೂ ಗೊತ್ತಿತ್ತು. ನಾಲ್ಕು ಪದ ಸಾಕಿತ್ತು. ನಾಲಿಗೆಯ ತುದಿಗೆ ಬಂದದ್ದು ಮಾತ್ರ ಕ್ಯಾಂಟೀನಿನ ನಗು.

“ಟಾಯ್ಲೆಟ್‌ಗೆ ಹೋಗ್ಬನ್ನಿ ಮೊದ್ಲು,” ಎಂದ.

ಅವಳು ಎದ್ದಳು. ಅವನು ನಿಲ್ಲಿಸಿಟ್ಟ ಚಿತ್ರಗಳಲ್ಲಿ ಮಗುವಿನ ಮುಖ ಬಂದದ್ದನ್ನು ಹುಡುಕಿ ಇನ್ನೊಂದು ಪ್ರಿಂಟು ತೆಗೆದು ಕೊಟ್ಟ. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಹಿಡಿದಳು. ಮೂಗು ಅವರಪ್ಪನದೇ, ಹಾಳಾದ್ದು, ಎಂದಳು. ಹೊರಟವಳು ಬಾಗಿಲಲ್ಲಿ ನಿಂತು ಅವನ ಕೋಟನ್ನು ಮೇಲಿಂದ ಕೆಳಗೆ ನೋಡಿದಳು. ಡಾಕ್ಟರನ್ನಲ್ಲ, ಕೋಟನ್ನು.

“ಯಾರು ಒತ್ತೋದು ಇದನ್ನ?”

“ನಾನೇ.”

“ಕಾಲರಿಂದ ಶುರು ಮಾಡ್ತೀರಾ ನೀವು. ಅದಕ್ಕೇ ಹಿಂಗೆ. ಮೊದ್ಲು ಜೇಬು ಒತ್ಬೇಕು. ಜೇಬು ಕೂತ್ರೆ ಕೋಟು ಕೂತ ಹಾಗೆ.”

ಬೇರೆ ಯಾರಾದರೂ ಹೇಳಿದ್ದರೆ ಉದ್ಧಟತನ ಎನ್ನುತ್ತಿದ್ದ. ತನ್ನ ಕೆಲಸ ಗೊತ್ತಿರುವವರು ಮಾತಾಡುವ ರೀತಿ ಅದು. ಅವನು ತಲೆಯಾಡಿಸಿದ.

ಮೊದಲನೆಯ ಪ್ರಿಂಟು ಮೇಜಿನ ಮೇಲೇ ಉಳಿದಿತ್ತು. ಪಾಠ ಹೇಳಿಕೊಟ್ಟ ಹಳೆಯ ಗುರುಗಳೊಬ್ಬರಿದ್ದರು. ಇಂಥ ಮಾಸುಗಳನ್ನು ನೂರಾರು ನೋಡಿದವರು. ಅವರಿಗೆ ತೋರಿಸಿ ಒಂದು ಮಾತು ಕೇಳಿದರಾಯಿತು ಎಂದು ಪ್ರಿಂಟನ್ನು ಮೇಡಂ ಬರೆದ ಚೀಟಿಯಲ್ಲಿ ಸುತ್ತಿ ಕೋಟಿನ ಜೇಬಿಗೆ ಹಾಕಿದ. ಕೇಳಬಹುದು ಎಂದುಕೊಂಡದ್ದರಿಂದಲೇ ಅರ್ಧ ಕೇಳಿದಷ್ಟು ಹಗುರವಾಯಿತು.

ಕಂಪ್ಯೂಟರಿನ ಮುಂದೆ ಕೂತ. ರಿಪೋರ್ಟಿನ ಸಾಲುಗಳೆಲ್ಲ ಮೊದಲೇ ಇರುತ್ತವೆ. ತೂಕ, ವಾರ, ನೀರಿನ ಅಳತೆ ಇಷ್ಟನ್ನು ತುಂಬಿದರೆ ಸಾಕು. ತುಂಬುತ್ತ ಬಂದ. ಕೊನೆಯ ಸಾಲಿಗೆ ಬಂದ. ಒಟ್ಟು ಅಭಿಪ್ರಾಯ. ಬರೆದ: ಮಾಸು ಗರ್ಭಕೋಶದ ಗೋಡೆಯೊಳಕ್ಕೆ, ಪ್ರಾಯಶಃ ಮೂತ್ರಚೀಲದವರೆಗೂ, ಅಂಟಿರುವ ಬಲವಾದ ಸಂಶಯ.

ಓದಿಕೊಂಡ. ಗಡಿಯಾರ ಮೂರು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಹೊರಗೆ ಇನ್ನೂ ಹನ್ನೊಂದು ಜನ.

ಅಳಿಸಿದ. ಅಕ್ಷರಗಳು ಹಿಂದಿನಿಂದ ಮುಂದಕ್ಕೆ ಒಂದನ್ನೊಂದು ನುಂಗಿಕೊಂಡು ಹೋದವು.

ಆಮೇಲೆ ಅವನು ಮಾಡಿದ್ದನ್ನು ತಪ್ಪು ಎಂದು ಯಾವ ವಿಚಾರಣೆಯೂ ಹೇಳಲಾರದು. ಎರಡನೆಯ ಹಾಳೆಯ ನಡುವಿಗೆ, ನೀರಿನ ಅಳತೆಗೂ ಮಗುವಿನ ತೊಡೆಮೂಳೆಯ ಉದ್ದಕ್ಕೂ ಮಧ್ಯೆ, ಒಂದು ವಾಕ್ಯ ಸೇರಿಸಿದ. ಮಾಸಿಗೂ ಗೋಡೆಗೂ ನಡುವಿನ ಗೆರೆ ಕೆಲವೆಡೆ ಸ್ಪಷ್ಟವಿಲ್ಲ. ಅಂಟಿರುವ ಸಾಧ್ಯತೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಕೊನೆಯ ಸಾಲಿನಲ್ಲಿ ಬರೆದ: ಮೂವತ್ತಾರು ವಾರದ ಒಂದು ಜೀವಂತ ಮಗು. ಮಾಸು ಕೆಳಗಿದೆ.

ಎರಡೂ ನಿಜ. ನಾಳೆ ಏನೂ ಆಗದಿದ್ದರೆ ಅಂಟು ಡಾಕ್ಟರು ಎಂದು ಯಾರೂ ನಗುವುದಿಲ್ಲ. ಏನಾದರೂ ಆದರೆ, ಎರಡನೆಯ ಹಾಳೆ, ಮಧ್ಯದ ಸಾಲು, ಬರೆದಿದ್ದೆನಲ್ಲ ಎಂದು ಬೆರಳಿಟ್ಟು ತೋರಿಸಬಹುದು. ಎರಡು ಕಡೆಯೂ ಕೈ ತೊಳೆದುಕೊಳ್ಳಲು ನೀರಿತ್ತು. ಇಷ್ಟು ಚೆಂದದ ವಾಕ್ಯ ಕಟ್ಟಲು ಅವನನ್ನು ಇಪ್ಪತ್ತು ವರ್ಷ ಶಾಲೆ ಕಾಲೇಜುಗಳಲ್ಲಿ ಓದಿಸಿದ್ದರು.

ಉಳಿದ ಹನ್ನೊಂದು ಹೊಟ್ಟೆಗಳನ್ನು ಮುಗಿಸುವಷ್ಟರಲ್ಲಿ ನಾಲ್ಕೂ ಇಪ್ಪತ್ತು. ನಾಲ್ಕಕ್ಕೆ ಮನೆಯಲ್ಲಿರಬೇಕಿತ್ತು. ಗಡಿಬಿಡಿ ಮಾಡಲಿಲ್ಲ. ತಡವಾದದ್ದು ಕೆಲಸದಿಂದ ಎಂದು ಹೇಳಲು ಹನ್ನೊಂದು ಸಾಕ್ಷಿಗಳಿದ್ದರು.

ಗೇಟಿನ ಹತ್ತಿರ ಅತ್ತಿಗೆ ನಾದಿನಿ ಆಟೋಗೆ ಕಾಯುತ್ತಿದ್ದರು. ಅಡ್ಮಿಷನ್ ನಾಳೆ ಬೆಳಿಗ್ಗೆ ಆರಕ್ಕಂತೆ. ನಾದಿನಿ ಅವನನ್ನು ಕಂಡು ಫೋಟೋದ ವಿಷಯ ತೆಗೆದಳು: ಮನೆಗೆ ಹೋದ ಮೇಲೆ ಇದನ್ನು ಅತ್ತಿಗೆಯ ಕೈಗೆ ಸಿಗದ ಹಾಗೆ ಡಬ್ಬಿಯಲ್ಲಿಟ್ಟು ಬೀಗ ಹಾಕುತ್ತೇನೆ ಎಂದಳು. ಇಸ್ತ್ರಿಯವಳು ಅವಳ ತೋಳಿಗೆ ಹೊಡೆದಳು. ಮೇಡಂ ಏನಂದರು ಎಂದು ಅವನು ಕೇಳಿದ.

“ಎಲ್ಲಾ ಸರಿ ಇದೆ ಅಂದ್ರು,” ಎಂದಳು ಇಸ್ತ್ರಿಯವಳು. ಅವನ ಮುಖವನ್ನೇ ನೋಡುತ್ತಿದ್ದಳು. “ಸರಿ ಇದೆ ಅಲ್ವಾ ಡಾಕ್ಟ್ರೇ?”

“ಮೇಡಂ ಅಂದ್ರಲ್ಲ,” ಎಂದ.

ಆಟೋ ಬಂತು. ನಾದಿನಿ ಮೊದಲು ಹತ್ತಿ ಕೈ ಕೊಟ್ಟಳು. ಇಸ್ತ್ರಿಯವಳು ಹೊಟ್ಟೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಒಳಗೆ ಕೂತಳು, ತುಂಬಿದ ಬಟ್ಟೆಯ ಬುಟ್ಟಿಯನ್ನು ಕೆಳಗಿಡದವಳ ಹಾಗೆ.

ಮನೆಯ ಕೀಲಿಕೈ ಕೆಳಗಿನ ಮನೆಯವರ ಹತ್ತಿರ ಇತ್ತು. ಕೊಡುವಾಗ ಆ ಮನೆಯ ಅಜ್ಜ ಅವನ ಮುಖ ನೋಡದೆ, ಸಾಮಾನು ಬಹಳ ಇರಲಿಲ್ಲ ಬಿಡಿ, ಒಂದೇ ಗಾಡಿಗೆ ಆಯಿತು ಎಂದರು. ಸಮಾಧಾನ ಹೇಳಿದ್ದಿರಬೇಕು.

ಒಳಗೆ ಏನೂ ಒಡೆದಿರಲಿಲ್ಲ. ಏನೂ ಚೆಲ್ಲಿರಲಿಲ್ಲ. ಅವಳು ನೆಲ ಕೂಡ ಒರೆಸಿ ಹೋಗಿದ್ದಳು. ಮಂಚವಿದ್ದ ಜಾಗದಲ್ಲಿ ನೆಲ ಸ್ವಲ್ಪ ಬೇರೆ ಬಣ್ಣವಾಗಿತ್ತು, ಅಷ್ಟೇ. ಅದನ್ನು ಬಿಟ್ಟರೆ ಇಲ್ಲಿ ಇಬ್ಬರಿದ್ದರು ಎಂದು ಹೇಳಲು ಮೊಳೆಯ ತೂತೂ ಇರಲಿಲ್ಲ. ಅವನು ಕೋಣೆಯಿಂದ ಕೋಣೆಗೆ ಹೋಗಿ ನೋಡಿದ. ಎಲ್ಲಾದರೂ ಕಿತ್ತು ಬಂದ ಗುರುತು ಸಿಕ್ಕೀತೇನೋ ಎಂದು ಹುಡುಕುತ್ತಿದ್ದೇನೆ ಎಂಬುದು ತಿಳಿದ ಮೇಲೆ ಹುಡುಕುವುದನ್ನು ನಿಲ್ಲಿಸಿದ.

ಇಸ್ತ್ರಿಪೆಟ್ಟಿಗೆ ಮೇಜಿನ ಮೇಲಿತ್ತು. ವೈರನ್ನು ನೀಟಾಗಿ ಸುತ್ತಿಟ್ಟಿದ್ದಳು.

ಗುರುಗಳಿಗೆ ಫೋನು ಮಾಡೋಣ ಎಂದುಕೊಂಡು ಕೂತ. ವಯಸ್ಸಾದವರು, ಸಂಜೆಯ ಹೊತ್ತು ವಾಕಿಂಗು ಹೋಗಿರುತ್ತಾರೆ. ಮಾಡಲಿಲ್ಲ. ಐದೂವರೆಗೆ ಮೇಡಂಗೆ ಮಾಡಿದ. ಮಾಡಿದ ಮೇಲೆ, ಎತ್ತದಿದ್ದರೆ ಸಾಕು ಎನಿಸಿತು. ಎರಡನೆಯ ರಿಂಗಿಗೇ ಎತ್ತಿದರು.

“ಹೇಳಿ ಡಾಕ್ಟ್ರೇ.”

“ಆ ರಿಪೋರ್ಟು ನೋಡಿದ್ರಾ?”

“ಇಸ್ತ್ರಿಯವಳದ್ದಾ? ನೋಡ್ದೆ. ಸರಿ ಇದೆಯಲ್ಲ.”

“ಪೂರ್ತಿ?”

“ಯಾಕೆ, ಬೇರೇನಾದ್ರೂ ಇದೆಯಾ?”

ಕಿಟಕಿಯ ಗಾಜಿನ ಮೇಲೆ ಸಂಜೆಯ ಬಿಸಿಲಿತ್ತು. ಎದುರು ಮನೆಯ ಹೆಂಗಸು ಒಣಗಿದ ಬಟ್ಟೆಗಳನ್ನು ಎತ್ತಿಕೊಳ್ಳುತ್ತಿದ್ದಳು.

“ರಕ್ತ ಎಷ್ಟು ಇಟ್ಟಿದೀರಿ?”

“ಒಂದು ಬಾಟ್ಲಿ. ಮಾಮೂಲಿ. ಏನ್ ಡಾಕ್ಟ್ರೇ, ಹೇಳಿ ಸರಿಯಾಗಿ. ಅಂಟಿದೆಯಾ?”

ಕೇಳಿಯೇ ಬಿಟ್ಟರು. ಇಷ್ಟು ನೇರವಾಗಿ ಕೇಳುತ್ತಾರೆಂದು ಅವನು ಎಣಿಸಿರಲಿಲ್ಲ. ಮಾತಿನ ಹಿಂದೆ ನಗು ಇದೆಯೋ ಇಲ್ಲವೋ ಎಂದು ಕಿವಿಗೊಟ್ಟ. ಇತ್ತು ಎನಿಸಿತು. ಇಲ್ಲದೆಯೂ ಇರಬಹುದು.

“ಬರೆದಿದೀನಿ,” ಎಂದ.

“ಹಾಂ, ಹಾಗಾದ್ರೆ ಸರಿ. ನಾಳೆ ಸಿಗೋಣ.”

ಫೋನು ಸುಮ್ಮನಾಯಿತು. ಬರೆದಿದ್ದೇನೆ ಎಂದದ್ದು ನಿಜವೇ. ಇಡೀ ದಿನ ಒಂದೂ ಸುಳ್ಳಾಡಿರಲಿಲ್ಲ.

ಕೈಗೆ ಏನಾದರೂ ಕೆಲಸ ಬೇಕಿತ್ತು. ಕೋಟನ್ನು ಬಿಚ್ಚಿ ಮೇಜಿನ ಮೇಲೆ ಹಾಸಿದ. ನಾಳೆಗೂ ಇದೇ ಕೋಟು. ವೈರು ಬಿಚ್ಚಿ ಪೆಟ್ಟಿಗೆಯನ್ನು ಕಾಯಲು ಇಟ್ಟ. ನೀರು ಚಿಮುಕಿಸಿದ. ರೂಢಿಯಂತೆ ಕಾಲರಿಗೆ ಹೋದ ಕೈ ನಿಂತಿತು. ಮೊದಲು ಜೇಬು ಎಂದಿದ್ದಳು. ಆ ದಿನ ಯಾರೋ ಹೇಳಿದ ಮಾತನ್ನು ಅವನು ನಡೆಸಿದ್ದು ಅದೊಂದೇ. ಪೆಟ್ಟಿಗೆಯನ್ನು ಜೇಬಿನ ಮೇಲಿಟ್ಟು ಮೈಭಾರ ಬಿಟ್ಟು ಒತ್ತಿದ. ಅವಳು ಹೇಳಿದ್ದು ಸರಿ. ಬಟ್ಟೆ ಹಲಗೆಯ ಹಾಗೆ ಕೂತಿತು. ಇನ್ನೊಮ್ಮೆ ಒತ್ತಿದ.

ವಾಸನೆ ಬಂದಮೇಲೆ ಜೇಬಿಗೆ ಕೈ ಹಾಕಿದ.

ಚೀಟಿಗೆ ಏನೂ ಆಗಿರಲಿಲ್ಲ. ಅದು ಮಾಮೂಲಿ ಕಾಗದ. ಅಂಟಿದೆಯೋ ಇಲ್ಲವೋ ಎಂಬ ಪ್ರಶ್ನೆ ಹಾಗೇ ಇತ್ತು. ಅದರ ಕೆಳಗೆ ಇಸ್ತ್ರಿಯವಳ ಫೋನ್ ನಂಬರು, ದುಂಡಗೆ, ಗಂಟೆಯಮ್ಮನ ಅಕ್ಷರದಲ್ಲಿ. ಒಳಗಿನ ಪ್ರಿಂಟು ಬಿಸಿಯಾಗಿತ್ತು, ನುಣ್ಣಗಿತ್ತು, ಮೂಲೆಯಿಂದ ಮೂಲೆಗೆ ಕಪ್ಪಾಗಿತ್ತು. ತೂತುಗಳಿಲ್ಲ. ಗೋಡೆ ಇಲ್ಲ.

ಕಿಟಕಿಯ ಹತ್ತಿರ ತಂದು ಬೆಳಕಿಗೆ ಹಿಡಿದ. ಓರೆ ಮಾಡಿ ನೋಡಿದ. ನಾಳೆಯ ಎಂಟು ಗಂಟೆಗೆ ಇನ್ನೂ ಹದಿನಾಲ್ಕು ಗಂಟೆ ಇತ್ತು. ಫೋನು ಮೇಜಿನ ಮೇಲೆ, ಚೀಟಿಯ ಪಕ್ಕದಲ್ಲೇ ಇತ್ತು. ಹಿಂದೆ ಇಸ್ತ್ರಿಪೆಟ್ಟಿಗೆ ತನ್ನಷ್ಟಕ್ಕೆ ಟಿಕ್ಕೆಂದು ಆರಿ, ಮತ್ತೆ ಟಿಕ್ಕೆಂದು ಹೊತ್ತಿಕೊಂಡಿತು.

ಕಪ್ಪಿನ ಮೇಲೆ ಅವನ ಹೆಬ್ಬೆರಳಿನ ಉಗುರು ತಾಗಿತು. ತಾಗಿದಲ್ಲಿ ಲೇಪ ಎದ್ದು ಕೆಳಗಿನ ಬಿಳುಪು ಕಂಡಿತು. ಅವನು ಅದನ್ನು ನೋಡಿದ. ಕಾಗದವನ್ನು ಕಿಟಕಿಯ ಚೌಕಟ್ಟಿಗೆ ಒತ್ತಿ ಹಿಡಿದು, ಉಸಿರು ಬಿಗಿ ಹಿಡಿದು, ಉಗುರನ್ನು ಈ ತುದಿಯಲ್ಲಿಟ್ಟು, ಕೈ ನಡುಗದಂತೆ ನಿಧಾನವಾಗಿ ಆ ತುದಿಯವರೆಗೂ ಎಳೆದುಕೊಂಡು ಹೋದ. ಕೂದಲೆಳೆಯಷ್ಟು ಸಣ್ಣ, ಬಿಳಿಯ, ಎಲ್ಲೂ ಕಡಿಯದ ಗೆರೆಯೊಂದು ಬಂತು.